ಬೂದಗುಂಬಳಕ್ಕೆ ನೆದರು ಹತ್ತಿದ ಭಾನುವಾರ

ಏಳು ಭಾನುವಾರಗಳಲ್ಲಿ ಮಹೇಶ್ವರಿ ಏಳು ಚಿತ್ರ ಶುರುಮಾಡಿದ್ದಳು. ಒಂದೂ ಮುಗಿದಿರಲಿಲ್ಲ.

ಮೊದಲನೆಯದು ನೀರಿನ ಟಾಕಿ. ಅದಕ್ಕೆ ಮೂರೇ ಕಾಲು. ನಾಲ್ಕನೆಯ ಕಾಲಿಗೆ ಪೆನ್ಸಿಲ್ ಇಡುವಷ್ಟರಲ್ಲಿ ಮನೆಯಿಂದ ಫೋನು ಬಂದಿತ್ತು: ಸಿಲಿಂಡರಿನವನು ಬಾಗಿಲಲ್ಲಿ ನಿಂತಿದ್ದಾನೆ, ಗ್ಯಾಸಿನ ಪುಸ್ತಕ ಎಲ್ಲಿ? ಎರಡನೆಯದು ಆಡು. ಅದಕ್ಕೆ ತಲೆಯಿಲ್ಲ. ತಲೆ ಬಿಡಿಸುವ ಹೊತ್ತಿಗೆ ಆಡು ಎದ್ದು ಹೋಯಿತು ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಆಡು ಪಾಪ ಮೆಲುಕು ಹಾಕುತ್ತ ಅಲ್ಲೇ ಮಲಗಿತ್ತು. ಎದ್ದು ಹೋದವಳು ಇವಳು, ಮಗನಿಗೆ ಜ್ವರ ಬಂದಿತ್ತು. ಐದನೆಯದರಲ್ಲಿ ಬರೀ ಆಕಾಶವಿತ್ತು. ಅದರ ಕೆಳಗೆ ಏನು ಬರಬೇಕಾಗಿತ್ತು ಎಂಬುದು ಈಗ ಅವಳಿಗೇ ನೆನಪಿರಲಿಲ್ಲ.

ಎಂಟನೇ ತರಗತಿಯ ಮಗಳು ಭಾಗ್ಯ ಅವನ್ನೆಲ್ಲ ಟ್ರಂಕಿನಲ್ಲಿ ಜೋಡಿಸಿಟ್ಟಿದ್ದಳು. "ಯವ್ವಾ, ಇವನ್ನೆಲ್ಲಾ ಕೂಡಿಸಿ ಹೊಲಿದ್ರ ಒಂದು ಚಿತ್ರ ಆಗಬಹುದು ನೋಡು," ಎಂದು ನಗುತ್ತಿದ್ದಳು.

ಮಹೇಶ್ವರಿ ಬಸ್ ಕಂಡಕ್ಟರ್. ವಾರದ ಆರು ದಿನ ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ, ಸಿಂಧನೂರಿನಿಂದ ತಿರುಗಿ ಲಿಂಗಸುಗೂರಿಗೆ. ಬೆಳಗಿನ ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು, ಇಬ್ಬರು ಮಕ್ಕಳ ಡಬ್ಬಿ ಕಟ್ಟಿ, ಹಟ್ಟಿಯ ಗಣಿಗೆ ಶಿಫ್ಟಿಗೆ ಹೋಗುವ ಗಂಡ ಕನಕರಾಜನ ಡಬ್ಬಿ ಕಟ್ಟಿ, ತನ್ನ ಡಬ್ಬಿ ಮರೆತು ಡ್ಯೂಟಿಗೆ ಓಡುವುದು ಅವಳ ದಿನಚರಿ. ಭಾನುವಾರ ರಜೆ. ಬಟ್ಟೆ ಒಗೆಯುವುದನ್ನು ಶನಿವಾರ ಸಂಜೆಯೇ ಮುಗಿಸಿ, ಭಾನುವಾರ ಬೆಳಗಿನ ಐದು ತಾಸನ್ನು ಅವಳು ಯಾರನ್ನೂ ಕೇಳದೆ ತನ್ನದೆಂದು ಎತ್ತಿಟ್ಟುಕೊಂಡಿದ್ದಳು. ಎತ್ತಿಟ್ಟುಕೊಂಡದ್ದು ನಿಜ, ಉಳಿಸಿಕೊಳ್ಳುವುದೇ ಆಗಿರಲಿಲ್ಲ.

ಇವತ್ತು ಎಂಟನೆಯ ಭಾನುವಾರ. ಇವತ್ತು ಮುಗಿಯಲೇಬೇಕಿತ್ತು. ಮುಂದಿನ ವಾರ ಸಿಂಧನೂರಿನಲ್ಲಿ ಅವರ ಗುಂಪಿನ ಪ್ರದರ್ಶನ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲರ ಚಿತ್ರಗಳೂ ಗಾಜಿನ ಕಟ್ಟು ಹಾಕಿಸಲು ಹೋಗುತ್ತವೆ. ಮುಗಿಯದ ಚಿತ್ರಕ್ಕೆ ಕಟ್ಟಿಲ್ಲ.

"ರಕ್ತ ಬಂದ್ರ ಅಷ್ಟ ಫೋನ್ ಮಾಡ್ರಿ," ಎಂದು ಹೊರಡುವಾಗ ಮನೆಯವರಿಗೆ ಹೇಳಿದ್ದಳು. "ಮತ್ತ ಯಾವುದಕ್ಕೂ ಮಾಡಬ್ಯಾಡ್ರಿ."

"ಎಷ್ಟು ರಕ್ತ?" ಎಂದು ಕೇಳಿದ್ದ ಎಂಟು ವರ್ಷದ ಮಗ.

ಗುಂಪು ಕಟ್ಟಿದವರು ಸಿಂಧನೂರಿನ ಡ್ರಾಯಿಂಗ್ ಮಾಸ್ತರ ಶಿವರಾಜ. ಎರಡೂ ತಾಲೂಕಿನವರಿಗೆ ನಡುವೆ ಬೀಳುವ ಊರೆಂದು ಮಸ್ಕಿಯಲ್ಲಿ ಸೇರುತ್ತಿದ್ದರು. ಅಲ್ಲಿ ನೀರಿನ ಟಾಕಿಯ ಬುಡದಲ್ಲಿ ಓಣಿಯ ಜನ ಸೇರಿ ಮಾಡಿದ ಒಂದು ತೋಟವಿತ್ತು. ಟಾಕಿ ತುಂಬಿ ಸೋರಿ ಹೋಗುತ್ತಿದ್ದ ನೀರಿಗೆ ಕಾಲುವೆ ತೋಡಿ, ಇಪ್ಪತ್ತು ಮನೆಯವರು ಒಂದೊಂದು ಮಡಿ ಹಂಚಿಕೊಂಡಿದ್ದರು. ಬದನೆ, ಮೆಂತ್ಯೆ, ಹೀರೆ, ಪುಂಡಿಪಲ್ಲೆ, ಒಂದು ಮೂಲೆಯಲ್ಲಿ ಚೆಂಡುಹೂವು. ಗೇಟಿನ ಬೋರ್ಡಿನಲ್ಲಿ 'ಸಾಮೂಹಿಕ ಕೈತೋಟ' ಎಂದಿದ್ದರೂ ಊರೆಲ್ಲ ಕರೆಯುವುದು ಟಾಕಿ ತೋಟ ಎಂದೇ.

ಗುಂಪಿನಲ್ಲಿ ಏಳು ಮಂದಿ. ಮದುವೆಯ ಸೀಸನ್ ಆದ್ದರಿಂದ ಇವತ್ತು ಬಂದವರು ನಾಲ್ವರು: ಮಾಸ್ತರರು, ಮಹೇಶ್ವರಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಘಾ ಮತ್ತು ಅಂಗಡಿಗಳ ಬೋರ್ಡು ಬರೆಯುವ ಗೌಸ್‌ಸಾಬ್. ಗೌಸ್‌ಸಾಬ್ ಮೂವತ್ತು ವರ್ಷ ಕಿರಾಣಿ ಅಂಗಡಿ, ಕಟಿಂಗ್ ಶಾಪು, ಲಾರಿಯ ಹಿಂಬದಿ ಎಲ್ಲ ಬರೆದವರು. ಫ್ಲೆಕ್ಸ್ ಬಂದ ಮೇಲೆ ಪುರುಸೊತ್ತು ಜಾಸ್ತಿಯಾಗಿ ಚಿತ್ರಕ್ಕೆ ಬಂದಿದ್ದರು. ಆದರೂ ಕೈ ಕೇಳುತ್ತಿರಲಿಲ್ಲ. ಬದನೆಗಿಡ ಬಿಡಿಸಿದರೂ ಸುತ್ತ ಒಂದು ಕೆಂಪು ಗೆರೆ ಎಳೆದು, ಮೂಲೆಯಲ್ಲಿ ಎರಡು ಹೂವು ಇಡುತ್ತಿದ್ದರು.

ಮಾಸ್ತರರ ಕಾಯಿದೆ ಎರಡೇ. "ಒಂದು, ಹೊರಗ ಸುರು ಮಾಡಿದ್ದು ಹೊರಗ ಮುಗೀಬೇಕು. ಮನಿಗೆ ಒಯ್ದು ತಿದ್ದಿದ್ರ ಅದು ಚಿತ್ರ ಅಲ್ಲ, ಹೋಮ್‌ವರ್ಕ್. ಎರಡು, ಕಣ್ಣಿಗೆ ಏನು ಕಾಣ್ತೈತೊ ಅದನ್ನ ಬಿಡಸ್ರಿ. ನೆನಪಿನ ಬದನಿಕಾಯಿ ಬ್ಯಾಡ, ಎದುರಿಗಿದ್ದ ಬದನಿಕಾಯಿ ಬೇಕು. ಗೌಸ್ ಭಾಯಿ, ಇದು ನಿಮಗ ಹೇಳಿದ್ದು."

"ಸಮಝ್ಯಾತ್ರಿ ಮಾಸ್ತರ್," ಎಂದು ಗೌಸ್‌ಸಾಬ್ ಕೆಂಪು ಡಬ್ಬಿಯ ಮುಚ್ಚಳ ತೆಗೆದರು.

ಮಹೇಶ್ವರಿ ಕೂತು ಚಿತ್ರ ಬಿಡಿಸುವವಳಲ್ಲ. ಹದಿಮೂರು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ಬರೆದ ಕೈ. ಕೂತರೆ ಬೆರಳು ಸೆಟೆದುಕೊಳ್ಳುತ್ತಿತ್ತು. ಹಲಗೆಗೆ ಪಟ್ಟಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು, ಕಾಲು ಅಗಲಿಸಿ, ಬೆನ್ನನ್ನು ಯಾವುದಾದರೂ ಕಂಬಕ್ಕೆ ಕೊಟ್ಟು ನಿಲ್ಲುತ್ತಿದ್ದಳು. ಇವತ್ತು ಚಪ್ಪರದ ಕಂಬಕ್ಕೆ ಬೆನ್ನು ಕೊಟ್ಟು ಸುತ್ತ ನೋಡಿದಾಗ ಕಣ್ಣಿಗೆ ಬಿದ್ದದ್ದು ಒಂದು ಬೂದಗುಂಬಳಕಾಯಿ.

ಲಾರಿಯ ಹಳೆಯ ಟೈರಿನ ಮೇಲೆ ಅದು ಊರ ಗೌಡನಂತೆ ಕೂತಿತ್ತು. ನೆಲದ ತೇವ ತಾಗದಿರಲೆಂದು ಯಾರೋ ಹಾಗೆ ಕೂರಿಸಿದ್ದರು. ಮೈತುಂಬ ಬಿಳಿ ಬೂದಿ, ಬೂದಿಯ ಕೆಳಗೆ ಮಂಕು ಹಸಿರು, ಒಂದು ಮಗ್ಗುಲಿಗೆ ಎಳೆಬಿಸಿಲು. ಆಡಿನಂತೆ ಎದ್ದು ಹೋಗುವುದಿಲ್ಲ, ಟಾಕಿಯಂತೆ ನಾಲ್ಕು ಕಾಲಿಲ್ಲ. ಮುಗಿಸಬಹುದಾದ ಚಿತ್ರವೆಂದರೆ ಇದೇ ಎನಿಸಿತು. ಬೂದಿ ಇರುವಲ್ಲೆಲ್ಲ ಬರೀ ಹಾಳೆಯನ್ನೇ ಬಿಡಬೇಕು, ನೆರಳನ್ನಷ್ಟೇ ಹಚ್ಚಬೇಕು. ಅವಳು ಕಣ್ಣು ಕಿರಿದು ಮಾಡಿ ಕುಂಬಳವನ್ನು ನೋಡಿದಳು, ಹಾಳೆ ನೋಡಿದಳು, ಮತ್ತೆ ಕುಂಬಳ ನೋಡಿದಳು.

"ಅಕ್ಕಾರ, ಹಟ್ಟಿ ಬಸ್ಸು ಹೋತೇನ್ರಿ?"

ಟಾಕಿಯ ನೀರು ಬಿಡುವ ದ್ಯಾವಪ್ಪ. ಈ ಊರಲ್ಲಿ ಅವಳ ಗುರುತಿಲ್ಲದವರಿಲ್ಲ. ತಿಂಗಳಿಗೊಮ್ಮೆಯಾದರೂ ಎಲ್ಲರೂ ಅವಳ ಬಸ್ಸು ಹತ್ತಿದವರೇ. ಭಾನುವಾರ ಕೈಯಲ್ಲಿ ಬ್ರಶ್ ಇದ್ದರೂ ಅವರ ಕಣ್ಣಿಗೆ ಟಿಕೆಟ್ ಮಷೀನೇ ಕಾಣುತ್ತಿತ್ತು.

"ಒಂಬತ್ತೂವರಿಗೆ ಐತಿ, ಯಪ್ಪಾ."

"ಗುರುಗುಂಟಾದಾಗ ನಿಂದರಸ್ತಾರೇನ್ರಿ?"

"ನಿಂದರಸ್ತಾರ."

"ಹಂಗಲ್ಲ, ಊರೊಳಗ ಬರ್ತಾರೊ, ಕ್ರಾಸಿನ್ಯಾಗ ಇಳಸ್ತಾರೊ?"

ಹೀಗೆ ಒಂಬತ್ತು ಗಂಟೆಯೊಳಗೆ ಐದು ಮಂದಿ ಬಂದು ಹೋದರು. ಒಬ್ಬಳು ಮಗನ ಪಾಸಿನ ಅರ್ಜಿಯನ್ನೇ ತಂದಿದ್ದಳು. ಕುಂಬಳದ ಹೊರಗೆರೆ ಮಾತ್ರ ಆಗಿತ್ತು.

ಅಷ್ಟರಲ್ಲಿ ಬಿಂದಿಗೆ ಹೊತ್ತು ಬಂದವಳು ಯಮನೂರಮ್ಮ. ಆ ಮಡಿ ಅವಳದು, ಬಳ್ಳಿ ಅವಳದು, ಟೈರೂ ಅವಳದೇ. ಬಿಂದಿಗೆ ಇಳಿಸಿದಳು, ಮಹೇಶ್ವರಿಯ ಕಣ್ಣು ಹೋಗುತ್ತಿದ್ದ ದಾರಿ ಹಿಡಿದು ಕುಂಬಳದವರೆಗೆ ನೋಡಿದಳು, ಎರಡು ಹೆಜ್ಜೆಗೆ ಬಂದು ಕುಂಬಳಕ್ಕೆ ಅಡ್ಡ ನಿಂತಳು.

"ಯವ್ವಾ ಕಂಡಕ್ಟರವ್ವ, ಎಷ್ಟೊತ್ತಾತು ನೋಡಾಕತ್ತು?"

"ಒಂದು ತಾಸಾತ್ರಿ. ಯಾಕ್ರಿ?"

"ಒಂದು ತಾಸು!" ಯಮನೂರಮ್ಮ ಎದೆಯ ಮೇಲೆ ಕೈಯಿಟ್ಟಳು. "ಒಂದು ತಾಸು ಕಣ್ಣು ಮಿಟಕಸದಂಗ! ನಮ್ಮತ್ತಿ ನನ್ನ ನೋಡಾಕ ಬಂದಾಗೂ ಇಷ್ಟು ನೋಡಿದ್ದಿಲ್ಲ. ಅದಕ್ಕ ನೆದರು ಹತ್ತೂದಿಲ್ಲೇನಬೇ?"

ಕೆಟ್ಟ ಕಣ್ಣು ಬಿದ್ದರೆ ಕೂಸು ಹಾಲು ಕುಡಿಯದು, ಎಮ್ಮೆ ಹಾಲು ಕೊಡದು, ಬಳ್ಳಿ ಕಾಯಿ ಉದುರಿಸುವುದು, ಅದು ನೆದರು. ಈ ಸೀಮೆಯಲ್ಲಿ ಚೆಂದದ್ದನ್ನು ಕಂಡರೆ ಜನ ಒಂದು ಗಳಿಗೆ ನೋಡಿ ಮುಖ ತಿರುಗಿಸುತ್ತಾರೆ. ಮಹೇಶ್ವರಿಗೂ ಅದು ಗೊತ್ತಿದ್ದದ್ದೇ. ಚಿತ್ರ ಬಿಡಿಸುವುದೆಂದರೆ ಮುಖ ತಿರುಗಿಸದೆ ನೋಡುವುದು ಎಂಬುದು ಮಾತ್ರ ಇಲ್ಲಿಯವರೆಗೆ ತಲೆಗೆ ಹೊಳೆದಿರಲಿಲ್ಲ.

"ನಾ ಕೆಟ್ಟದ್ದು ಅಂದ್ಕೊಂಡು ನೋಡಾಕತ್ತಿಲ್ರಿ, ಯಕ್ಕ. ಚಿತ್ರಕ್ಕ."

"ನೆದರು ಅನ್ನೂದು ಕೇಳಿ ಹತ್ತತೈತೇನು? ಅಮಾಸಿ ದಿನ ತುರ್ವಿಹಾಳದಾಗ ನನ್ನ ತಮ್ಮನ ಹೊಸ ಮನಿ ಬಾಗಲಿಗೆ ಕಟ್ಟಾಕ ಇಟ್ಟೀನಿ ಇದನ್ನ. ಒಂದು ಗೆರಿ ಬಿದ್ರ ಏನು ಹೇಳ್ಲಿ ಅವಗ?"

ಪಕ್ಕದ ಮಡಿಯಿಂದ ಗೌಸ್‌ಸಾಬ್ ಬಾಯಿ ಹಾಕಿದರು. "ಅರೇ ಯಮನೂರಮ್ಮ, ಬೂದಗುಂಬಳ ಬಾಗಲಿಗೆ ಕಟ್ಟೂದ ನೆದರು ತಡೀಲಿ ಅಂತ. ನೆದರು ತಿನ್ನೂ ಕಾಯಿಗೆ ನೆದರು ಹೆಂಗ ಹತ್ತತೈತಿ?"

"ಬಾಗಲಿಗೆ ಕಟ್ಟಿದ ಮ್ಯಾಲ ಅದಕ್ಕ ಆ ಕಸುವು, ಸಾಬರ. ಬಳ್ಳ್ಯಾಗ ಇರೋತನ ಅದು ಕೂಸು."

ಗೌಸ್‌ಸಾಬ್ ಬ್ರಶ್ ಕೆಳಗಿಟ್ಟು ಯೋಚಿಸಿದರು. "ಇದಕ್ಕ ಜವಾಬಿಲ್ಲ, ಮಾಸ್ತರ್," ಎಂದರು.

ಮೇಘಾ ಮೊಬೈಲ್ ಹಿಡಿದು ಬಂದಳು. "ಅಕ್ಕಾ, ಒಂದು ಫೋಟೊ ಹೊಡಕೊಂಬಿಡ್ರಿ. ಅದನ್ನ ನೋಡಿ ಬಿಡಸ್ರಿ. ಅದಕ್ಕೇನೂ ಆಗೂದಿಲ್ಲಲ್ಲ, ಅಮ್ಮಾ?"

"ಫೋಟೊ ಹೊಡಕೋರಿ, ತಂಗಿ. ಮಷೀನಿಗೆ ಹೊಟ್ಟಿಕಿಚ್ಚು ಎಲ್ಲೈತಿ?"

"ಫೋಟೊ ನೋಡಿ ಬಿಡಸೂದಾದ್ರ ಮನ್ಯಾಗ ಕುಂದರ್ರಿ, ಫ್ಯಾನ್ ಹಚ್ಚಿಕೊಂಡು," ಎಂದು ಮಾಸ್ತರರು ಚೆಂಡುಹೂವಿನ ಮಡಿಯಿಂದಲೇ ಕೂಗಿದರು. ಮೇಘಾ ಮೊಬೈಲನ್ನು ಚೀಲಕ್ಕೆ ಹಾಕಿದಳು.

ಕಡೆಗೆ ಯಮನೂರಮ್ಮನೇ ಒಂದು ದಾರಿ ಹೇಳಿದಳು: ಪರೀಕ್ಷೆ ಮಾಡೋಣ. ಟಾಕಿಯ ಬುಡದಲ್ಲಿ ಚಹಾಕ್ಕೆಂದು ಮೂರು ಕಲ್ಲಿಟ್ಟು ಹಚ್ಚಿದ ಒಲೆಯಿತ್ತು. ಅವಳು ಹಿಡಿ ಉಪ್ಪು, ಐದು ಒಣಮೆಣಸಿನಕಾಯಿ, ಪೊರಕೆಯ ನಾಲ್ಕು ಕಡ್ಡಿ ಕೈಯಲ್ಲಿ ಹಿಡಿದು ಕುಂಬಳದ ಸುತ್ತ ಮೂರು ಸಲ ಇಳಿಸಿದಳು. "ಓಣಿ ಕಣ್ಣು, ಊರ ಕಣ್ಣು, ಬ್ಯಾಂಕಿನಾಕಿ ಕಣ್ಣು, ಬೋರ್ಡಿನವ್ನ ಕಣ್ಣು, ಮಾಸ್ತರ ಕಣ್ಣು, ಕಂಡಕ್ಟರವ್ವನ ಕಣ್ಣು," ಎಂದು ಒಬ್ಬರನ್ನೂ ಬಿಡದೆ ಹೆಸರಿಸಿ, ಮೂರು ಸಲ ಥೂ ಎಂದು, ಎಲ್ಲವನ್ನೂ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಸುಟ್ಟು ಘಾಟು ಬಂದರೆ ನೆದರಿಲ್ಲ. ಘಾಟು ಬರದಿದ್ದರೆ ನೆದರು ಅದನ್ನು ನುಂಗಿದೆ ಎಂದು ಲೆಕ್ಕ.

ಮೂಡಣ ಗಾಳಿ ಬೀಸುತ್ತಿತ್ತು. ಒಲೆಯ ಈಚೆ ನಿಂತ ಯಮನೂರಮ್ಮ ಮೂಗರಳಿಸಿ ಎಳೆದಳು. ಮಹೇಶ್ವರಿಯೂ ಎಳೆದಳು, ದ್ಯಾವಪ್ಪನೂ ಎಳೆದ. ಏನೂ ಇಲ್ಲ. ಗರಿಕೆಯ ವಾಸನೆ ಅಷ್ಟೇ.

ಒಲೆಯ ಆಚೆ, ಚೆಂಡುಹೂವಿನ ಮಡಿಯಲ್ಲಿ, ಶಿವರಾಜ ಮಾಸ್ತರರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಎದ್ದರು. "ಯಮನೂರಮ್ಮ... ಖೊಕ್... ಘಾಟು... ಖೊಕ್ ಖೊಕ್... ಐತ್ರಿ! ಎಲ್ಲಾ... ಖೊಕ್... ಇಲ್ಲೇ ಬಂದೈತಿ!"

"ಮಾಸ್ತರಿಗೆ ಮೊದಲ ಕೆಮ್ಮು ಐತಿ, ಸುಣ್ಣದಕಡ್ಡಿ ಪುಡಿದು," ಎಂದಳು ಯಮನೂರಮ್ಮ. "ನೋಡ್ದೇನೊ ದ್ಯಾವಪ್ಪ? ಒಂಚೂರು ಘಾಟಿಲ್ಲ. ಐದು ಮೆಣಸಿನಕಾಯಿ ನುಂಗೈತಿ ಈಕಿ ಕಣ್ಣು!"

ದ್ಯಾವಪ್ಪ ಮಹೇಶ್ವರಿಯನ್ನು ಒಂದು ಸಲ ನೋಡಿ, ನೋಡಿದ್ದು ತಪ್ಪಾಯಿತೇನೋ ಎಂಬಂತೆ ಕೆಳಗೆ ನೋಡಿದ. "ಇದ್ರೂ ಇರಬಹುದಬೇ. ಬಸ್ಸಿನ್ಯಾಗ ಈ ಅಕ್ಕಾರು ಹಿಂಗಂತ ಒಮ್ಮೆ ನೋಡಿದ್ರ ಟಿಕೀಟಿಲ್ಲದವ ತಾನ ಎದ್ದು ಇಳೀತಾನ. ನಾನ ಇಳದೀನಿ."

"ಹೋದ ಐತವಾರ ನನ್ನ ಬಿಂದಿಗಿ ನೋಡಿದ್ಲು ನೋಡು. ಸಂಜೀಕ ಸೋರಾಕ ಹತ್ತಿತು," ಎಂದಳು ಯಮನೂರಮ್ಮ.

"ಅದು ಮೂರು ತಿಂಗಳಿಂದ ಸೋರತೈತಿ, ಯಕ್ಕ!" ಎಂದಳು ಮಹೇಶ್ವರಿ. ಯಾರೂ ಕೇಳಿಸಿಕೊಳ್ಳಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಅವಳ ಫೋನು ಹೊಡೆದುಕೊಂಡಿತು. ಮನೆ. ಗೇಟಿನವರೆಗೆ ಓಡಿ ಎತ್ತಿದಳು.

"ಯವ್ವಾ, ರಕ್ತ ಬಂದಿಲ್ಲ," ಎಂದಳು ಭಾಗ್ಯ ಮೊದಲೇ. "ಆದರ ಅಪ್ಪ ಬ್ಯಾಳಿಗೆ ಎರಡು ಸಲ ಉಪ್ಪು ಹಾಕ್ಯಾನ. ನಾ ಒಮ್ಮೆ ಹಾಕೀನಿ. ತಮ್ಮನೂ ಹಾಕೀನಿ ಅನ್ನಾಕತ್ತಾನ."

"ನೀರು ಹಾಕು."

"ಎಷ್ಟು?"

"ಬಾಯಾಗ ಇಡೂವಂಗ ಆಗೋತನ ಹಾಕು," ಎಂದು ಫೋನು ಇಟ್ಟಳು. ಗೇಟಿನಲ್ಲಿ ಸಿಕ್ಕ ಒಬ್ಬ ಮುದುಕನಿಗೆ ಸಿಂಧನೂರಿನ ಬಸ್ಸು ಹೇಳಿ, ತಿರುಗಿ ಚಪ್ಪರದ ಕಂಬಕ್ಕೆ ಬಂದು ಬೆನ್ನು ಕೊಟ್ಟಳು. ಬ್ರಶ್ ಎತ್ತಿದಳು. ಕುಂಬಳ ನೋಡಿದಳು.

ಕುಂಬಳವೂ ಅವಳನ್ನು ನೋಡುತ್ತಿತ್ತು.

ಅವಳು ಅತ್ತ ಹೋದ ಐದು ನಿಮಿಷದಲ್ಲಿ ಯಮನೂರಮ್ಮ ಎಲೆಡಿಕೆ ಸಂಚಿಯ ಸುಣ್ಣದಿಂದ ಎರಡು ಕಣ್ಣು, ಒಲೆಯ ಇದ್ದಿಲಿನಿಂದ ಗುಡ್ಡೆ ಮತ್ತು ಹುಬ್ಬು, ಹಣೆಯ ಕುಂಕುಮದಿಂದ ಹೊರಚಾಚಿದ ನಾಲಿಗೆ, ಮತ್ತೆ ಇದ್ದಿಲಿನಿಂದಲೇ ಒಂದು ಮೀಸೆ ಬರೆದು ಮುಗಿಸಿದ್ದಳು. ಮೀಸೆ ಎಡಕ್ಕೆ ಮೇಲೆದ್ದು ಬಲಕ್ಕೆ ಕೆಳಗಿಳಿದಿತ್ತು.

"ಈಗ ನೋಡವ್ವ ಎಷ್ಟು ಬೇಕಷ್ಟು," ಎಂದಳು ಯಮನೂರಮ್ಮ ಕೈ ಝಾಡಿಸುತ್ತ. "ಇನ್ನ ಅದ ನಿನ್ನ ನೋಡಿಕೊಂತೈತಿ."

ಮಹೇಶ್ವರಿಯ ಹಾಳೆಯ ಮೇಲೆ ಇದ್ದದ್ದು ಮುಖವಿಲ್ಲದ, ಶಾಂತವಾದ, ಬೂದಿ ಬಳಿದ ಬರೀ ಕುಂಬಳ. ಎಡ ಮಗ್ಗುಲಿನ ನೆರಳು ಆಗಿತ್ತು, ಎಲೆ ಆಗಿತ್ತು. ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

"ಮಾಸ್ತರ್ರೀ!" ಎಂದು ಕೂಗಿದಳು. ದನಿಯಲ್ಲಿ ಅಳು ಇತ್ತೋ ನಗು ಇತ್ತೋ ಅವಳಿಗೂ ತಿಳಿಯಲಿಲ್ಲ. "ಕುಂಬಳಕ್ಕ ಮೀಸಿ ಬಂದೈತ್ರಿ! ಏನ್ಮಾಡ್ಲಿ?"

ಮಾಸ್ತರರು ಕಣ್ಣೊರೆಸಿಕೊಳ್ಳುತ್ತ ಬಂದರು. ಕುಂಬಳವನ್ನು ನೋಡಿದರು, ಹಾಳೆಯನ್ನು ನೋಡಿದರು. ಅವರ ಮುಖದಲ್ಲಿ ಕಾಯಿದೆಗೂ ಕರುಣೆಗೂ ಜಗಳ ಹತ್ತಿದ್ದು ಕಾಣುತ್ತಿತ್ತು. ಕಾಯಿದೆ ಗೆದ್ದಿತು.

"ಏನು ಕಾಣ್ತೈತೊ ಅದನ್ನ ಬಿಡಸಬೇಕ್ರಿ, ಮಹೇಶ್ವರಿ."

"ಮೀಸಿ ಸೈತ?"

"ಮೀಸಿ ಸೈತ."

ಆದರೆ ಆ ಮೀಸೆಯನ್ನು ಕಂಡು ಸುಮ್ಮನಿರಲಾಗದ ಒಬ್ಬರಿದ್ದರು. ಗೌಸ್‌ಸಾಬ್ ತಮ್ಮ ಬದನೆಗಿಡವನ್ನು ಬಿಟ್ಟು ಬಂದು ಟೈರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ತಲೆ ವಾಲಿಸಿ ಎಡದಿಂದ ನೋಡಿದರು, ಬಲದಿಂದ ನೋಡಿದರು.

"ತೋಬಾ! ಯಮನೂರಮ್ಮ, ಇದು ಮೀಸಿಯೊ, ಹರದ ಚಪ್ಪಲಿ ಬಾರೊ? ಇದನ್ನ ನೋಡಿ ನೆದರು ಅಂಜತೈತೇನು? ನಕ್ಕ ಒಳಗ ಬರತೈತಿ."

"ಹಂಗಾದ್ರ ನೀವ ಬರೀರಿ, ಸಾಬರ! ಬರೇ ಮಾತು ಯಾಕ?"

ಇಷ್ಟು ಸಾಕಾಗಿತ್ತು. ಗೌಸ್‌ಸಾಬ್ ಎನಾಮಲ್ ಡಬ್ಬಿಗಳನ್ನು ತಂದರು. ಸುಣ್ಣ ಒರೆಸಿ ಕಣ್ಣಿಗೆ ಬಿಳಿ, ಬಿಳಿಯ ಮೇಲೆ ಕಪ್ಪು ಗುಡ್ಡೆ, ಗುಡ್ಡೆಯಲ್ಲಿ ಒಂದು ಮಿಂಚು, ರಕ್ತಗೆಂಪಿನ ನಾಲಿಗೆ. ಮೀಸೆಯನ್ನು ಒಂದೇ ಉಸಿರಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಎಳೆದು ತುದಿ ಸುರುಳಿ ಮಾಡಿದರು. ಬಟ್ಟೆಯಂಗಡಿಯ ಬೋರ್ಡಿಗೆ ಕೊಡುವ ನೆರಳನ್ನು ಹುಬ್ಬಿನ ಕೆಳಗೆ ಕೊಟ್ಟರು. ಕುಂಬಳ ಈಗ ಬಾಯಿ ತೆರೆದು ಬೈಯುವುದೊಂದು ಬಾಕಿ.

ಸುದ್ದಿ ತೋಟದಲ್ಲಿ ನೀರು ಹರಿದಷ್ಟೇ ಬೇಗ ಹರಿಯಿತು. ಹೀರೆಬಳ್ಳಿಯವರು ಬಂದರು, ಪಪ್ಪಾಯಿಯವರು ಬಂದರು. ಟಾಕಿ ತೋಟಕ್ಕೆ ಗಟ್ಟಿ ನೆದರಿನವಳು ಬಂದಿದ್ದಾಳೆ, ನಮ್ಮ ಕಾಯಿಗೂ ಒಂದು ಮುಖ ಬರೆದುಕೊಡಿ ಎಂದರು. ದ್ಯಾವಪ್ಪ ತನ್ನ ಸೋರೆಕಾಯಿಗೆ ಮೀಸೆಯ ಜೊತೆ ಗಡ್ಡವೂ ಬೇಕೆಂದ. ಕಾಯಿ ಉದ್ದ ಇತ್ತು, ಜಾಗ ಇತ್ತು. ಗೌಸ್‌ಸಾಬ್ ಒಬ್ಬರಿಂದ ಸಾಗದೆ ಮೇಘಾಳನ್ನು ಕರೆದರು. ಮೇಘಾ ಪಪ್ಪಾಯಿಗೆ ಬರೆದ ಮುಖ ಅವಳ ಮ್ಯಾನೇಜರರಂತೆ ಬಂದಿತು, ಕನ್ನಡಕ ಸಮೇತ. ಕಾಯಿದೆ ಹೇಳಲು ಹೋದ ಮಾಸ್ತರರ ಕೈಗೆ ಒಬ್ಬ ಮುದುಕಿ ಒಂದು ಸೌತೆಕಾಯಿ ಕೊಟ್ಟು, "ಸಣ್ಣದ ಐತ್ರಿ, ಎರಡು ಕಣ್ಣಷ್ಟ ಸಾಕು," ಎಂದಳು. ಹನ್ನೊಂದೂವರೆ ಹೊತ್ತಿಗೆ ಮೂವರು ಕಲಾವಿದರ ಹಾಳೆಗಳೂ ಮಡಿಯ ಬದುವಿನಲ್ಲಿ ಒಣಗುತ್ತ ಬಿದ್ದಿದ್ದವು. ಮೂವರೂ ತರಕಾರಿಯ ಸರದಿಯಲ್ಲಿ ಸಿಕ್ಕಿಬಿದ್ದಿದ್ದರು. ಅವರಿಗೇನು, ಹಿಂದಿನ ಭಾನುವಾರಗಳ ಚಿತ್ರಗಳು ಮುಗಿದು ಕೂತಿದ್ದವು.

ಮಹೇಶ್ವರಿ ಬಿಡಿಸುತ್ತಿದ್ದಳು. ಮುಖ ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಮೊದಲು ಕುಂಬಳದ ಕೆಳಗಿನ ನೆರಳು ಹಾಕಿದಳು, ಆಮೇಲೆ ಟೈರಿನ ಕಪ್ಪು, ಆಮೇಲೆ ಬಳ್ಳಿಯ ತೊಟ್ಟು. ತಲೆಯೆತ್ತಿ ಗಡಿಯಾರ ನೋಡಿದಾಗ ಹನ್ನೆರಡಕ್ಕೆ ಹತ್ತು. ಏನೋ ಒಂದು ಬದಲಾದಂತಿತ್ತು. ಏನೆಂದು ಹೊಳೆಯಲು ತುಸು ಹೊತ್ತು ಬೇಕಾಯಿತು.

ಒಂದು ತಾಸಿನಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಗೇಟಿನಿಂದ ಬಂದವರು ಚಪ್ಪರವನ್ನು ಸುತ್ತುಹಾಕಿ, ಮುಳ್ಳುಬೇಲಿಯ ಪಕ್ಕಕ್ಕೆ ಸೀರೆ ಎತ್ತಿ ಹಿಡಿದು ದಾಟುತ್ತಿದ್ದರು. ಕೈಯಲ್ಲಿ ಚೀಲ ಹಿಡಿದ ಒಬ್ಬ, ನೋಡಿದರೆ ಬಸ್ಸು ಕೇಳುವವನೇ, ಅವಳ ಕಡೆಗೆ ನಾಲ್ಕು ಹೆಜ್ಜೆ ಬಂದ. ಯಾರೋ ಅವನ ಕಿವಿಯಲ್ಲಿ ಏನೋ ಅಂದರು. ಅವನು ನಿಂತ. ಮಹೇಶ್ವರಿ ಸುಮ್ಮನೆ ತಲೆಯೆತ್ತಿದಳು. ಅವನು ಚೀಲವನ್ನು ಬೆನ್ನ ಹಿಂದೆ ಮಾಡಿಕೊಂಡು ಬಂದ ದಾರಿಗೆ ಸುಂಕವಿಲ್ಲದಂತೆ ಹೊರಟೇಹೋದ.

ಅವಳಿಗೆ ನಗು ಬಂತು. ಮತ್ತೊಬ್ಬಳು ಪಾಸಿನ ಕಾಗದ ಹಿಡಿದು ಗೇಟಿನಲ್ಲಿ ಕಂಡಳು. ಈ ಸಲ ಮಹೇಶ್ವರಿ ಬೇಕೆಂದೇ ಕಣ್ಣು ದೊಡ್ಡದು ಮಾಡಿದಳು. ಕಾಗದ ಮಡಚಿ ಕುಪ್ಪಸಕ್ಕೆ ಸೇರಿತು. ಹದಿಮೂರು ವರ್ಷದಲ್ಲಿ, ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ, ಅವಳ ಸುತ್ತ ಹತ್ತು ಮೊಳ ಜಾಗ ಹೀಗೆ ಖಾಲಿ ಇದ್ದದ್ದು ಅವಳಿಗೆ ನೆನಪಿಲ್ಲ. ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಯಾರಾದರೊಬ್ಬರು ನಿಂತು ಏನಾದರೂ ಕೇಳುತ್ತಿರುತ್ತಾರೆ. ಅವಳು ಉಸಿರು ಬಿಟ್ಟಳು, ಭುಜ ಇಳಿಸಿದಳು, ಮೀಸೆಗೆ ಕೈ ಹಾಕಿದಳು.

ಆಗ ಮೆಂತ್ಯೆಯ ಮಡಿಯ ಹತ್ತಿರ ಒಬ್ಬ ಎಳೆಯ ಬಾಣಂತಿ ಬಂದಳು. ಹೆಗಲ ಮೇಲೆ ಐದಾರು ತಿಂಗಳ ಕೂಸು. ಕೂಸು ಮಹೇಶ್ವರಿಯ ಕೈಯ ಬಣ್ಣ ಕಂಡು ಕೇಕೆ ಹಾಕಿತು. ಮಹೇಶ್ವರಿ ಎಂದಿನಂತೆ ನಕ್ಕಳು. ಅದರ ತಾಯಿ ಗಡಬಡಿಸಿ ಕೂಸನ್ನು ಆಚೆಯ ಹೆಗಲಿಗೆ ಹಾಕಿಕೊಂಡು, ಬೆನ್ನು ತಿರುಗಿಸಿ ನಿಂತಳು.

ಕಳೆದ ತಿಂಗಳಷ್ಟೇ ಇದೇ ಹುಡುಗಿ ಬಸ್ಸಿನಲ್ಲಿ ನಿಂತಿದ್ದಾಗ ಮಹೇಶ್ವರಿ ತನ್ನ ಸೀಟು ಕೊಟ್ಟು, ಮಸ್ಕಿಯವರೆಗೆ ಆ ಕೂಸನ್ನು ಎತ್ತಿಕೊಂಡಿದ್ದಳು. ಬ್ರಶ್ಶಿನ ತುದಿಯಲ್ಲಿ ಕಪ್ಪು ಒಣಗುತ್ತಿತ್ತು. ಕರೆದು ಹೇಳಲೇ, ಇದೆಲ್ಲ ಗಾಳಿಯ ಆಟ, ಘಾಟೆಲ್ಲ ಮಾಸ್ತರರ ಮೂಗಿಗೆ ಹೋಯಿತು ಎಂದು? ಹೇಳಿದರೆ ಹುಡುಗಿ ನಂಬಬಹುದು. ನಂಬಿದರೆ ಎಲ್ಲರೂ ನಂಬುತ್ತಾರೆ. ಎಲ್ಲರೂ ನಂಬಿದರೆ ಎರಡು ನಿಮಿಷಕ್ಕೆ ಹಟ್ಟಿ ಬಸ್ಸು, ಗುರುಗುಂಟಾ ಕ್ರಾಸು, ಪಾಸಿನ ಅರ್ಜಿ ಎಲ್ಲ ತಿರುಗಿ ಬರುತ್ತವೆ. ಒಂದು ಗಂಟೆಗೆ ಕುಂಬಳಕ್ಕೆ ಅರ್ಧ ಮೀಸೆ ಇರುತ್ತದೆ.

ಅವಳು ಕಣ್ಣು ಕೆಳಗೆ ಮಾಡಿದಳು. ಬ್ರಶ್ಶನ್ನು ನೀರಿಗೆ ಅದ್ದಿದಳು. 'ನಾಳಿ ಬಸ್ಸಿನ್ಯಾಗ ಹೇಳ್ತೀನವ್ವ,' ಎಂದು ಒಳಗೊಳಗೇ ಆ ಬೆನ್ನಿಗೆ ಅಂದುಕೊಂಡು, ಮೀಸೆಯ ಎಡ ತುದಿಯನ್ನು ಸುರುಳಿ ಮಾಡಿದಳು.

ಆಮೇಲಿನ ಮುಕ್ಕಾಲು ತಾಸು ಅವಳಿಗೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕುಂಬಳ ಅವಳನ್ನು ದುರುಗುಟ್ಟಿ ನೋಡಿತು, ಅವಳು ಕುಂಬಳವನ್ನು ದುರುಗುಟ್ಟಿ ನೋಡಿದಳು. ಇಬ್ಬರಲ್ಲಿ ಯಾರೂ ಸೋಲಲಿಲ್ಲ. ಗೌಸ್‌ಸಾಬ್ ಎನಾಮಲ್ಲಿನಲ್ಲಿ ಗಡುಸಾಗಿ ಎಳೆದ ಗೆರೆಗಳು ಅವಳ ನೀರುಬಣ್ಣದಲ್ಲಿ ತುಸು ಕರಗಿ, ಆ ಉಗ್ರ ಮುಖದ ಹಿಂದೆ ಒಂದು ದಣಿವೂ ಬಂದು ಕೂತಿತು. ಮೂರು ಶಿಫ್ಟು ಕಾವಲು ಕಾದು ಇನ್ನೂ ಮೀಸೆ ಇಳಿಸದ ವಾಚ್‌ಮನ್‌ನಂತೆ. ಅದು ಅವಳು ಬೇಕೆಂದು ಮಾಡಿದ್ದಲ್ಲ. ಆದರೆ ಅಳಿಸಲು ಮನಸ್ಸಾಗಲಿಲ್ಲ.

ಕಣ್ಣಿನ ಗುಡ್ಡೆಯಲ್ಲಿ ಮಿಂಚಿಗೆಂದು ಒಂದು ಚುಕ್ಕೆ ಹಾಳೆ ಬಿಟ್ಟಿದ್ದಳು. ಇನ್ನೇನು ಉಳಿದಿದೆ ಎಂದು ಮೇಲಿಂದ ಕೆಳಗೆ ಹುಡುಕಿದಳು. ಎಲೆ ಇತ್ತು, ತೊಟ್ಟಿತ್ತು, ಟೈರಿತ್ತು, ನಾಲಿಗೆ ಇತ್ತು. ಎರಡನೆಯ ಸಲ ಹುಡುಕಿದಳು. ಏನೂ ಉಳಿದಿರಲಿಲ್ಲ. ತುಂಬಿದ ಬಸ್ಸು ಕೊನೆಯ ಸ್ಟಾಪಿನಲ್ಲಿ ಖಾಲಿಯಾದ ಹಾಗೆ ಅವಳಿಗೆ ಹಗುರೆನಿಸಿತು.

ಹಿಂದಿನಿಂದ ಯಾರೋ ಇಣುಕಿದಂತಾಯಿತು. ಯಮನೂರಮ್ಮ. ಹಾಳೆಯನ್ನು ನೋಡಿದಳು, ಟೈರಿನ ಮೇಲಿನ ಕುಂಬಳವನ್ನು ನೋಡಿದಳು, ಮತ್ತೆ ಹಾಳೆಯನ್ನೇ ನೋಡುತ್ತ ನಿಂತಳು. ಹೊತ್ತು ಹೋಯಿತು. ಅವಳ ಕಣ್ಣು ಕದಲಲಿಲ್ಲ.

"ಯವ್ವಾ," ಎಂದಳು ಕಡೆಗೆ, "ನನ್ನ ಕಾಯಿಗಿಂತ ನಿನ್ನ ಕಾಯಿ ಚಂದ ಆಗೇತಲ್ಲೆ! ಎಷ್ಟು ಚಂದ ಆಗೇತಿ!"

ಮಹೇಶ್ವರಿ ತನಗೆ ಅರಿವಿಲ್ಲದೆ ಸೆರಗು ಎಳೆದು ಹಾಳೆಗೆ ಅಡ್ಡ ಹಿಡಿದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಯಮನೂರಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗಲು ಶುರುಮಾಡಿದಳು. ಎಲೆಡಿಕೆಯ ಕೆಂಪು ಬೆರಳ ಸಂದಿಯಿಂದ ಹಾರಿತು. "ಗೊತ್ತಾತಿಲ್ಲ ಈಗ, ಕಂಡಕ್ಟರವ್ವ? ಗೊತ್ತಾತಿಲ್ಲ?" ಮಹೇಶ್ವರಿಯೂ ನಕ್ಕಳು, ಸೆರಗನ್ನು ಮಾತ್ರ ಬಿಡಲಿಲ್ಲ.

ಒಂದು ಗಂಟೆಗೆ ಐದು ನಿಮಿಷ ಇರುವಾಗ ಮಾಸ್ತರರು ಬಂದರು. ಅಂಗಿಯ ಮೇಲೆ ಎನಾಮಲ್ಲು, ಜೇಬಿನಲ್ಲಿ ಯಾರೋ ಪ್ರೀತಿಯಿಂದ ತುರುಕಿದ ಎರಡು ಬದನೆಕಾಯಿ. ಹಾಳೆಯನ್ನು ಹಿಡಿದು ತೋಳುದ್ದ ದೂರ ಮಾಡಿದರು, ಹತ್ತಿರ ತಂದರು. ಟಾಕಿಯ ಮೂರು ಕಾಲು ಕಂಡಾಗ, ತಲೆಯಿಲ್ಲದ ಆಡು ಕಂಡಾಗ ಅವರಿಗೆ ಹೇಳಲು ಬೇಕಾದಷ್ಟು ಇರುತ್ತಿತ್ತು. ಈಗ ಬರೀ ತಲೆಯಾಡಿಸಿದರು.

"ಹೆಸರು ಬರೀರಿ, ಮಹೇಶ್ವರಿ. ಕಟ್ಟು ಹಾಕ್ಸಾಕ ಒಯ್ತೀನಿ."

"ಎಲ್ಲಿ ಬರೀಬೇಕ್ರಿ?"

ಮಾಸ್ತರರು ನಗಲು ಬಾಯಿ ತೆರೆದರು. ಆಮೇಲೆ ಅವಳ ಮುಖ ನೋಡಿ, ಅವಳು ತಮಾಷೆ ಮಾಡುತ್ತಿಲ್ಲವೆಂದು ತಿಳಿದು ನಿಲ್ಲಿಸಿದರು. ಎಂಟು ಭಾನುವಾರ ಚಿತ್ರ ಬಿಡಿಸಿದವಳು ಹೆಸರು ಬರೆಯುವ ಜಾಗದವರೆಗೆ ಒಮ್ಮೆಯೂ ಬಂದಿರಲಿಲ್ಲ.

"ಇಲ್ಲಿ," ಎಂದು ಕೆಳಗಿನ ಬಲ ಮೂಲೆಯನ್ನು ಬೆರಳು ತಾಗಿಸದೆ ತೋರಿಸಿದರು. "ಸಣ್ಣಗ."

"ನಾ ಬರಕೊಡ್ಲೇನು, ಬೇಟಿ?" ಗೌಸ್‌ಸಾಬ್ ಸಣ್ಣ ಬ್ರಶ್ ಹಿಡಿದು ಓಡಿ ಬಂದರು. "ಶೇಡ್ ಕೊಟ್ಟು, ಕೆಳಗೊಂದು ಗೆರಿ ಹೊಡದು. ರಸ್ತಾದ ಆ ಕಡಿಂದ ಓದಬಹುದು."

"ಬ್ಯಾಡ್ರಿ, ಭಾಯಿ. ಬ್ರಶ್ ಅಷ್ಟ ಕೊಡ್ರಿ."

ಅವಳು ಕಂಬಕ್ಕೆ ಬೆನ್ನು ಗಟ್ಟಿಯಾಗಿ ಕೊಟ್ಟು ನಿಂತಳು. ಬ್ರಶ್ ಎತ್ತಿ, ಗಾಳಿಯಲ್ಲಿ ಒಮ್ಮೆ ಬರೆದು ನೋಡಿ, ಆಮೇಲೆ ಹಾಳೆಗೆ ಇಳಿಸಿದಳು. ಟೈರಿನ ನೆರಳಿನ ಪಕ್ಕದಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ, ಒಂದೊಂದಾಗಿ ಅಕ್ಷರ ಮೂಡಿದವು. ಮಾಸ್ತರರು ಹಾಳೆಗೆ ಕೈ ಚಾಚಿದರು.

"ತಡೀರಿ," ಎಂದಳು ಮಹೇಶ್ವರಿ. "ಇನ್ನ ಹಸಿ ಐತಿ."

ಯಾರೂ ಅವಸರ ಮಾಡಲಿಲ್ಲ. ಕೊನೆಯ ಅಕ್ಷರದ ಹೊಳಪು ಆರುವವರೆಗೂ ಎಲ್ಲರೂ ಅವಳ ಸುತ್ತ ಕಾಯುತ್ತ ನಿಂತಿದ್ದರು.